ಊದಿಕೊಂಡ ಏಳು ಜನ

ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಮೆಟ್ಟಿಲ ಮೇಲೆ ಅಣ್ಣನ ಚಪ್ಪಲಿಯ ಸದ್ದು ಕೇಳಿಸಿತು, ಅವನು ಕುರ್ಚಿಯಿಂದ ಎದ್ದು ನಿಂತ. ಐವತ್ತಾರು ವರ್ಷವಾದವನು, ಆದರೂ ಅಣ್ಣ ರೌಂಡ್ಸಿಗೆ ಬರುವ ಹೊತ್ತಿನಲ್ಲಿ ಕೂತಿರಲು ಅವನಿಂದ ಆಗುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಇದೇ ನಡೆದಿತ್ತು. ಅಣ್ಣ ಕೆಳಗಿನ ಮಹಡಿಯಿಂದ ಹತ್ತಿ ಬರುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ, ಯಾರನ್ನೂ ಮಾತಾಡಿಸದೆ ನೇರವಾಗಿ ಕಂಪ್ಯೂಟರಿನ ಹತ್ತಿರ ಹೋಗುತ್ತಾನೆ. ಅದರ ಬದಿಯ ತಗಡನ್ನು ಕಳಚಿಟ್ಟು ಎಷ್ಟೋ ದಿನವಾಗಿತ್ತು. ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಒಳಗೆ ಮದರ್ ಬೋರ್ಡಿನ ಮೇಲೆ ಸಾಲಾಗಿ ನಿಂತಿರುವ ಏಳು ಕೆಪಾಸಿಟರುಗಳನ್ನು ಒಂದೊಂದಾಗಿ ನೋಡುತ್ತಾನೆ. ಬೆರಳ ತುದಿಯಷ್ಟು ದಪ್ಪದ ತಗಡಿನ ಪುಟ್ಟ ಡಬ್ಬಿಗಳು ಅವು. ನೆತ್ತಿ ಚಪ್ಪಟೆಯಾಗಿರಬೇಕು, ವಯಸ್ಸಾದ ಮೇಲೆ ಒಳಗಿನ ರಸ ಕೆಟ್ಟು ನೆತ್ತಿ ಉಬ್ಬುತ್ತದೆ. ಏಳೂ ಉಬ್ಬಿದ್ದವು. "ಹೇಗಿದಾರೆ?" ಅಂದ ಅಣ್ಣ. "ಹಾಗೇ ಇದಾರಣ್ಣಾ." "ಮೂರನೆಯವನಿಗೆ ಸ್ವಲ್ಪ ಇಳಿದ ಹಾಗಿದೆ." "ಇಳಿದಿದೆಯಾ?" "ನಾನೇನು ಸುಳ್ಳು ಹೇಳ್ತೀನಾ? ಮುಟ್ಟಿ ನೋಡು." ಅವನು ಬೆರಳಿಟ್ಟು ನೋಡಿ, "ಹೌದು, ಸ್ವಲ್ಪ ಇಳಿದಿದೆ" ಅಂದ. ಒಮ್ಮೆ ಉಬ್ಬಿದ ಕೆಪಾಸಿಟರು ಇಳಿಯುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ಅಣ್ಣನಿಗಂತೂ ನಲವತ್ತು ವರ್ಷದಿಂದ ಗೊತ್ತಿತ್ತು.

ಹೆಂಡತಿ ಅಡಿಗೆಮನೆಯಿಂದ ಟೀ ತಂದಳು. ಅವನಿಗೆ ತುಂಬಿದ ಕಪ್ಪು, ಭಾವನಿಗೆ ಅರ್ಧ. ಭಾವ ಅದನ್ನು ಮುಗಿಸಿದ ಮೇಲೆ, "ಇನ್ನೊಂಚೂರು ಹಾಕ್ಲಾ?" ಎಂದು ಇನ್ನರ್ಧ ತರುತ್ತಾಳೆ. ಯಾಕೆ ಒಂದೇ ಸಲ ಕೊಡುವುದಿಲ್ಲ ಎಂದು ಅಣ್ಣ ಕೇಳಿದವನಲ್ಲ, ಅವಳು ಹೇಳಿದವಳಲ್ಲ. ಕಪ್ಪು ಬಸಿಗೆ ತಾಗಿ ಕಿಣಿಕಿಣಿ ಎಂದಾಗ ಮೂವರೂ ಒಟ್ಟಿಗೆ ಏನಾದರೂ ಮಾತಾಡಲು ಶುರುಮಾಡುತ್ತಿದ್ದರು. ಇವತ್ತು ಹೆಂಡತಿ ಮಾತಾಡಿದ್ದು ಫ್ಯಾನಿನ ಬಗ್ಗೆ. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ನಾಲ್ಕು ತಿಂಗಳಿಂದ ಆ ಏಳು ಜನರ ಕಡೆಗೇ ಮುಖ ಮಾಡಿತ್ತು. "ಹೋದ ತಿಂಗಳು ನಂಗೆ ಜ್ವರ ಬಂದಾಗ ಈ ಫ್ಯಾನ್ ಈ ಕಡೆ ತಿರುಗ್ತಾ ಭಾವ, ನೀವೇ ಹೇಳಿ." ಅಣ್ಣ ಗಂಭೀರವಾಗಿ, "ಜ್ವರ ಇಳಿಯುತ್ತಮ್ಮಾ, ಇದು ಹಾಗಲ್ಲ" ಅಂದ.

ಒಂದು ಕಂಪ್ಯೂಟರಿನ ಒಳಗಿನ ಏಳು ಬಿಡಿಭಾಗ ಬದಲಾಯಿಸುವುದೋ ಬೇಡವೋ ಎನ್ನುವುದು ಇಷ್ಟೊಂದು ತಲೆ ಕೆಡಿಸಿಕೊಳ್ಳುವ ವಿಷಯವೇ ಎಂದು ಮೇಲಿನ ಮನೆಯವರು ಕೇಳಿದ್ದರು. ಕೇಳುವವರಿಗೇನು, ಕೇಳುತ್ತಾರೆ. ಅವನು ಪುಸ್ತಕಗಳಿಗೆ ಪದಸೂಚಿ ಮಾಡುವವನು. ಪುಸ್ತಕ ಮುಗಿದ ಮೇಲೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಮಾತು ಯಾವ ಪುಟದಲ್ಲಿದೆ ಎಂದು ಪಟ್ಟಿ ಇರುತ್ತದಲ್ಲ, ಯಾರೂ ಕೂತು ಓದದ ಪುಟಗಳು, ಅವನ್ನು ಬರೆದೇ ಅವನ ಆಯುಷ್ಯ ಇಷ್ಟು ದೂರ ಬಂದಿತ್ತು. ಈಗ ಮಾಡುತ್ತಿದ್ದದ್ದು ಸೇತುವೆಗಳ ಚರಿತ್ರೆ, ಮೂರು ಸಂಪುಟ. ಎರಡು ಮುಗಿದು ಮೂರನೆಯದು ಅರ್ಧಕ್ಕೆ ಬಂದಿತ್ತು. ಪದಸೂಚಿಯ ಪ್ರೋಗ್ರಾಮನ್ನು ಯಾವ ಕಾಲದಲ್ಲೋ ಯಾರೋ ಬರೆದುಕೊಟ್ಟಿದ್ದರು. ಅದು ಈ ಮುದಿ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲವನ್ನೂ ನಕಲು ಮಾಡಿಕೊಂಡು ಹೊಸ ಕಂಪ್ಯೂಟರೊಂದಕ್ಕೆ ಹಾಕಿ ನೋಡಿದ್ದ; ಅದು ಮೂರು ಪುಟದಷ್ಟು ಬರೀ ಚೌಕಗಳನ್ನು ತೋರಿಸಿತು. ಇದು ಸತ್ತರೆ ಎರಡೂವರೆ ವರ್ಷದ ಕೆಲಸ ಸತ್ತಂತೆ, ಮತ್ತೆ ಮೊದಲ ಸೇತುವೆಯಿಂದ ಶುರು. ಮೊನ್ನೆಮೊನ್ನೆಯವರೆಗೂ ಆರಿಸಿದರೆ ಹೊತ್ತಿಕೊಳ್ಳಲು ಇಪ್ಪತ್ತು ಸಲ ಗುಂಡಿ ಒತ್ತಬೇಕಿತ್ತು, ಕಡೆಕಡೆಗೆ ಹೆಂಡತಿಯ ಹೇರ್ ಡ್ರೈಯರಿನಿಂದ ಬೋರ್ಡಿಗೆ ಬಿಸಿಗಾಳಿ ಊದಿ ಎಬ್ಬಿಸಬೇಕಾಯಿತು. ಆಮೇಲೆ ಅವನು ಆರಿಸುವುದನ್ನೇ ಬಿಟ್ಟ. ಹನ್ನೊಂದು ದಿನದಿಂದ ಅದು ಹಗಲೂ ರಾತ್ರಿ ಉರಿಯುತ್ತಿತ್ತು.

ಸರಿ, ಬದಲಾಯಿಸಿದರಾಯಿತು. ಅರ್ಧ ಗಂಟೆಯ ಕೆಲಸ. ಹಳೆಯದನ್ನು ಬೆಸುಗೆ ಕರಗಿಸಿ ಕೀಳಬೇಕು, ಹೊಸದನ್ನು ಇಟ್ಟು ಬೆಸೆಯಬೇಕು, ಕೈ ನೆಟ್ಟಗಿರಬೇಕು ಅಷ್ಟೆ. ಆದರೆ ಕೆಳಗಿನ ಮಹಡಿಯಲ್ಲೇ ಅಣ್ಣ ಇದ್ದ. ಬೀದಿಯವರೆಲ್ಲ ಡಾಕ್ಟರು ಎಂದು ಕರೆಯುತ್ತಿದ್ದ ಅಣ್ಣ, ರೇಡಿಯೋದ ಕಾಲದಿಂದ ಕಂಪ್ಯೂಟರಿನವರೆಗೆ ಎಷ್ಟೋ ಮನೆಗಳ ಸತ್ತ ಪೆಟ್ಟಿಗೆಗಳನ್ನು ಬದುಕಿಸಿ ಕಳಿಸಿದವನು. ಅಪ್ಪ ಹೋದಾಗ ಅವನಿಗೆ ಎಂಟು ವರ್ಷ, ಅಣ್ಣನಿಗೆ ಇಪ್ಪತ್ತು. ಬೆಸುಗೆಯ ಹೊಗೆಯ ವಾಸನೆಯಲ್ಲೇ ಅವನು ಮಗ್ಗಿ ಕಲಿತ, ಲೆಕ್ಕ ತಪ್ಪಿದಾಗಲೆಲ್ಲ ಅಣ್ಣ ಕೆಲಸದಿಂದ ತಲೆ ಎತ್ತದೆ, "ಇನ್ನೊಂದ್ಸಲ" ಅನ್ನುತ್ತಿದ್ದ. ಇಂಥ ಅಣ್ಣ ಇರುವಾಗ ಬೋರ್ಡನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಅಣ್ಣನ ಮುಖಕ್ಕೆ ಹೊಡೆದ ಹಾಗೆ. ಅಣ್ಣನಿಗೇ ಕೊಡುವುದೆಂದರೆ ಬೋರ್ಡನ್ನು ಒಲೆಗೆ ಹಾಕಿದ ಹಾಗೆ, ಯಾಕೆಂದರೆ ಅಣ್ಣನ ಬಲಗೈ ನಡುಗುತ್ತಿತ್ತು. ಅಣ್ಣ ತಾನಾಗಿ ಕೇಳುವವನಲ್ಲ, ತಮ್ಮ ಕೇಳಲಿ ಎಂದು ದಿನವೂ ಬಂದು ಕೂರುತ್ತಿದ್ದ. ತಮ್ಮ ಕೇಳದೆ ದಿನವೂ ಎದ್ದು ನಿಲ್ಲುತ್ತಿದ್ದ.

ಅಣ್ಣ ಇನ್ನರ್ಧ ಟೀ ಕುಡಿಯುತ್ತಿದ್ದ. ಬೇಡ ಬೇಡವೆಂದರೂ ತಮ್ಮನ ಕಣ್ಣು ಆ ಕೈಯ ಮೇಲೇ ಹೋಗುತ್ತಿತ್ತು. ಒಂದೂವರೆ ವರ್ಷದ ಹಿಂದೆ, ಇದೇ ಕೈ, ಫೋಟೋ ಸ್ಟುಡಿಯೋದವನ ಬೋರ್ಡಿನ ಮೇಲೆ ಕಲ್ಲಿನ ಹಾಗೆ ನಿಂತಿತ್ತು. ನಡುಗುತ್ತಿರಲಿಲ್ಲ, ಅಥವಾ ನಡುಗುತ್ತಿದ್ದರೂ ಯಾರಿಗೂ ಗೊತ್ತಿರಲಿಲ್ಲ. ಕಣ್ಣು ಮಾತ್ರ ಮಂಜಾಗಿದ್ದರಿಂದ ಸಣ್ಣ ಗುರುತುಗಳನ್ನು ಓದಲು ಅಣ್ಣ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಕೆಪಾಸಿಟರಿಗೆ ಎರಡು ಕಾಲು, ಒಂದು ಪ್ಲಸ್ಸು ಒಂದು ಮೈನಸ್ಸು, ಅದಲುಬದಲಾದರೆ ಸಿಡಿಯುತ್ತದೆ. ಬೋರ್ಡಿನ ಮೇಲೆ ಅದು ಕೂರುವ ಜಾಗದಲ್ಲಿ ಒಂದು ವೃತ್ತ ಇರುತ್ತದೆ, ವೃತ್ತದ ಅರ್ಧಕ್ಕೆ ಬಿಳಿ ಬಳಿದಿರುತ್ತಾರೆ. ಸಾಮಾನ್ಯವಾಗಿ ಬಿಳಿ ಬಳಿದ ಕಡೆ ಮೈನಸ್ಸು. ಕೆಲವು ಬೋರ್ಡು ಮಾಡುವವರು ಮಾತ್ರ, ಅವರಿಗೇನು ಬಂದಿತ್ತೋ, ಬಿಳಿ ಕಡೆಯನ್ನು ಪ್ಲಸ್ಸು ಮಾಡಿ ಪಕ್ಕದಲ್ಲಿ ಸಾಸಿವೆಯಷ್ಟು ಗುರುತು ಹಾಕಿರುತ್ತಾರೆ. "ಬಿಳಿ ಕಡೆ ಯಾವ್ದು, ನೋಡಿ ಹೇಳು" ಎಂದು ಅಣ್ಣ ಆವತ್ತು ಕೇಳಿದ. ತಮ್ಮನ ತಲೆಯಲ್ಲಿ ಆಗ ಕಮಾನು ಸೇತುವೆ ಎಂಬುದನ್ನು ಕ ಅಕ್ಷರದಲ್ಲಿ ಹಾಕುವುದೋ ಸ ಅಕ್ಷರದಲ್ಲಿ ಹಾಕುವುದೋ ಎಂಬ ಜಿಜ್ಞಾಸೆ. ನೋಡದೆಯೇ, "ಮೈನಸ್ಸು" ಅಂದ. ಅಣ್ಣ ನಾಲ್ಕನ್ನೂ ಹಾಗೇ ಬೆಸೆದ. ಸ್ಟುಡಿಯೋದವನ ಎದುರೇ ಸ್ವಿಚ್ಚು ಹಾಕಿದಾಗ ನಾಲ್ಕೂ ಒಂದರ ಹಿಂದೊಂದು ಟಪ್ ಟಪ್ ಎಂದು ಹಾರಿ, ಒಂದರ ಟೋಪಿ ಸ್ಟುಡಿಯೋದವನ ಜೇಬಿಗೇ ಹೋಗಿ ಬಿತ್ತು. ಅವನು ಅದನ್ನು ತೆಗೆದು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇನ್ಮೇಲೆ ನೀವು ರೆಸ್ಟ್ ತಗೊಳ್ಳಿ" ಎಂದು ನಗುತ್ತಲೇ ಹೇಳಿದ. ಅಣ್ಣ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಾಸಿವೆಯಷ್ಟು ಗುರುತು ತಮ್ಮನಿಗೆ ಆಗ ಕಾಣಿಸಿತು, ನಾಲಿಗೆಯ ತುದಿಗೆ ಮಾತೂ ಬಂತು, ಆದರೆ ಸ್ಟುಡಿಯೋದವನು ಇದ್ದಾನೆ, ಹೋಗಲಿ ಆಮೇಲೆ ಹೇಳೋಣ ಎಂದುಕೊಂಡ. ಆ ಆಮೇಲೆ ಇನ್ನೂ ಬಂದಿರಲಿಲ್ಲ. ಮಾರನೆಯ ದಿನದಿಂದಲೇ ಕೈ ನಡುಗಲು ಶುರುವಾಯಿತೆಂದು ಅತ್ತಿಗೆ ಹೇಳುತ್ತಿದ್ದಳು.

"ಹಾಗಾದ್ರೆ ನಾಳೆ ನೋಡೋಣ" ಎಂದು ಅಣ್ಣ ಎದ್ದ. ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟಿ, "ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದ. ದಿನವೂ ಕೇಳುತ್ತಿದ್ದ. "ಏನಿಲ್ಲಣ್ಣಾ." ಅಣ್ಣ ತಲೆಯಾಡಿಸಿ ಕೆಳಗಿಳಿದ. ಆಗ ಫೋನು ಹೊಡೆದುಕೊಂಡಿತು. ಪ್ರಕಾಶಕರು. ಮೂರನೆಯ ಸಂಪುಟ ಮುದ್ರಣಕ್ಕೆ ಹೊರಟು ನಿಂತಿದೆ, ಪದಸೂಚಿ ಒಂದು ಬಂದರೆ ಮುಗಿಯಿತು, ನಿಮ್ಮ ಕಂಪ್ಯೂಟರಿನ ಆರೋಗ್ಯ ಈಗ ಹೇಗಿದೆ? ಅವರೂ ಹಾಗೇ ಕೇಳಿದರು. ಫೋನಿಟ್ಟ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರಿಗೆ ನಿಂತಳು. "ರೀ, ಇವತ್ತು ಒಂದು ಇತ್ಯರ್ಥ ಮಾಡಿ. ಒಂದೋ ಭಾವನಿಗೆ ಕೊಡಿ, ಇಲ್ಲಾ ಹೊರಗಡೆ ಕೊಡಿ. ಇದೇನು ಮನೆಯಾ ಆಸ್ಪತ್ರೆಯಾ? ನಿನ್ನೆ ಮೇಲಿನ ಮನೆಯವರು ಹಣ್ಣು ತಂದುಕೊಟ್ಟು ಹೋದ್ರು, ಯಾರಿಗೆ ಅಂತ ಕೇಳಕ್ಕೂ ನಂಗೆ ಭಯ ಆಯ್ತು." ಅವನು ಅಂಗಿ ತೊಟ್ಟುಕೊಂಡು ಹೊರಟ.

ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಒಬ್ಬ ರಿಪೇರಿಯವನಿದ್ದ. ಹಣೆಗೆ ಸದಾ ಭೂತಗನ್ನಡಿ ಕಟ್ಟಿಕೊಂಡಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಅವನ ಅಂಗಡಿಯ ಎದುರು ಎರಡು ಸಲ ಏನೋ ಮರೆತವನ ಹಾಗೆ ಹಾದುಹೋಗಿ ಮೂರನೆಯ ಸಲ ಒಳಗೆ ಹೋದ. ಅಣ್ಣನಿಗೆ ಯಾರಾದರೂ ಹೇಳಿಬಿಟ್ಟರೆ ಎಂದು ಆಚೀಚೆ ನೋಡಿದ. "ಏಳು ಕೆಪಾಸಿಟರಾ?" ಅಂದ ಭೂತಗನ್ನಡಿ, "ತಂದ್ಕೊಡಿ ಸಾರ್. ಆ ಕಡೆ ಟೀ ಕುಡಿದು ಬರೋಷ್ಟರಲ್ಲಿ ಹಾಕಿಟ್ಟಿರ್ತೀನಿ." "ಅಷ್ಟು ಸುಲಭನಾ?" "ಇದ್ರಲ್ಲೇನಿದೆ? ಅಂದ ಹಾಗೆ, ನೀವು ಡಾಕ್ಟ್ರ ತಮ್ಮ ಅಲ್ವಾ?" ಅಲ್ಲ ಎನ್ನಬೇಕೆಂದುಕೊಂಡ. "ಹೌದು." "ಪಾಪ, ಅವರ ಕೈ ಹೋಯ್ತಂತೆ." "ಯಾರು ಹೇಳಿದ್ದು?" "ಎಲ್ರೂ ಹೇಳ್ತಾರೆ. ಸ್ಟುಡಿಯೋದವರ ಬೋರ್ಡನ್ನ ಉಡಾಯಿಸಿಬಿಟ್ರಂತಲ್ಲ. ವಯಸ್ಸಾಯ್ತು ನೋಡಿ, ಕೈ ನಡುಗುತ್ತೆ, ಉಲ್ಟಾ ಹಾಕ್ಬಿಟ್ರು."

ನಡುಗುವ ಕೈ ವಕ್ರವಾಗಿ ಹಾಕಬಹುದು, ಸುಟ್ಟು ಹಾಕಬಹುದು, ನಾಲ್ಕಕ್ಕೆ ನಾಲ್ಕನ್ನೂ ಅಚ್ಚುಕಟ್ಟಾಗಿ ಉಲ್ಟಾ ಹಾಕುವುದು ನಡುಗುವ ಕೈಯಿಂದ ಆಗುವ ಕೆಲಸವಲ್ಲ, ಅದಕ್ಕೆ ತಪ್ಪು ಹೇಳಿಕೊಡುವ ಬಾಯಿ ಬೇಕು. ಇಷ್ಟು ಸಾದಾ ವಿಷಯ ಈ ಒಂದೂವರೆ ವರ್ಷದಲ್ಲಿ ಯಾರ ತಲೆಗೂ ಹೊಳೆದಿಲ್ಲವಲ್ಲ ಎಂದು ಅವನಿಗೆ ಈ ಭೂತಗನ್ನಡಿಯ ಮೇಲೆ, ಇಡೀ ಊರಿನ ಮೇಲೆ ಸಿಟ್ಟು ಬಂತು. ಹೊಳೆಯದಿದ್ದುದಕ್ಕೆ ಎಷ್ಟು ಹಾಯಾಗಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಎರಡೂ ಸೇರಿ ಬಾಯಿಂದ ಹೊರಬಿದ್ದದ್ದು ಬೇರೆಯೇ. "ಯಾವ ಕೈರೀ ನಡುಗೋದು? ನಮ್ಮಣ್ಣನ ಕೈಗೆ ಏನೂ ಆಗಿಲ್ಲ. ಇವತ್ತು ಸಾಯಂಕಾಲ ಅವನೇ ಕೂತು ಏಳನ್ನೂ ಹಾಕ್ತಿದಾನೆ. ನಾನು ಬಂದಿದ್ದು ಸಾಮಾನು ತಗೊಳ್ಳೋಕೆ ಅಷ್ಟೆ. ಕೊಡಿ ಏಳು!" ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಭೂತಗನ್ನಡಿ ಡಬ್ಬಿಯಿಂದ ಏಳು ಆರಿಸಿ ಕಾಗದದಲ್ಲಿ ಸುತ್ತಿ ಕೊಟ್ಟು, "ಒಳ್ಳೇದಾಗ್ಲಿ ಸಾರ್" ಅಂದ. ಬೀದಿಗೆ ಬಂದ ಮೇಲೆಯೇ ಅವನಿಗೆ ತಾನು ಏನು ಮಾಡಿಕೊಂಡೆ ಎಂಬುದು ತಿಳಿದದ್ದು. ಅಂಗೈಯಲ್ಲಿ ಪೊಟ್ಟಣ ಇತ್ತು, ಸಾಯಂಕಾಲ ಎಂದು ತಾನೇ ಹೇಳಿ ಬಂದಾಗಿತ್ತು.

ಮೆಟ್ಟಿಲ ಮೇಲೆ ಅತ್ತಿಗೆ ಸಿಕ್ಕಳು. ಕೈಯಲ್ಲಿ ಪೊರಕೆ. "ಏನಪ್ಪಾ ಅದು ಪೊಟ್ಟಣ?" "ಕೆಪಾಸಿಟರ್ ಅತ್ತಿಗೆ." ಅತ್ತಿಗೆ ಇದ್ದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಮೇಲಿನ ಬಾಗಿಲು, ಕೆಳಗಿನ ಬಾಗಿಲು ಎರಡನ್ನೂ ನೋಡಿ ದನಿ ತಗ್ಗಿಸಿದಳು. "ನಿಮ್ಮಣ್ಣನಿಗೆ ಕೊಡಬೇಡ. ದಿನಾ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಹಳೇ ಬೋರ್ಡಿನ ಮೇಲೆ ಅಭ್ಯಾಸ ಮಾಡ್ತಾರೆ. ಒಂದೂ ಸರಿಯಾಗ್ತಿಲ್ಲ. ಸೀಸದ ಹನಿ ಎಲ್ಲಾ ನೆಲದ ಮೇಲೆ, ನಾನು ಕೆರೆದು ಕೆರೆದು ಸಾಕಾಗಿ ಹೋಗಿದೀನಿ. ಮೊನ್ನೆ ಹೆಬ್ಬೆರಳು ಸುಟ್ಕೊಂಡ್ರು, ಕೇಳಿದ್ರೆ ಬಿಸಿ ಲೋಟ ಹಿಡ್ಕೊಂಡೆ ಅಂತಾರೆ." "ಹಾಗಾದ್ರೆ ಹೊರಗಡೆ ಹಾಕಿಸ್ಲಾ?" "ಅಯ್ಯಯ್ಯೋ, ಬೇಡ! ಅದನ್ನ ಕೇಳಿದ್ರೆ ಅವರು ಉಳೀತಾರಾ? ತಮ್ಮ ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ನಾಲ್ಕು ತಿಂಗಳಿಂದ ಅದೇ ಜಪ." "ಕೊಡಲೂಬಾರದು, ಕೊಡದೆ ಇರಲೂಬಾರದು. ಮತ್ತೇನು ಮಾಡ್ಲಿ ಅತ್ತಿಗೆ?" "ಅದನ್ನೂ ನಾನೇ ಹೇಳಬೇಕಾ? ಅಷ್ಟು ದಪ್ಪ ದಪ್ಪ ಪುಸ್ತಕ ಓದಿದವನು ನೀನು." ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತಿಗೆ ಮೆಟ್ಟಿಲು ಗುಡಿಸಲು ಶುರುಮಾಡಿದಳು. ಅವನು ಕಾಲೆತ್ತಿ ಜಾಗ ಬಿಟ್ಟುಕೊಟ್ಟ.

ಅಣ್ಣ ಕಿಟಕಿಯ ಪಕ್ಕ ಕೂತು ಹಳೆಯ ಪತ್ರಿಕೆ ನೋಡುತ್ತಿದ್ದ. ಅವನು ಪೊಟ್ಟಣವನ್ನು ಮುಂದೆ ಹಿಡಿದ. ಅಣ್ಣ ಪೊಟ್ಟಣವನ್ನು ನೋಡಿದ, ತಮ್ಮನನ್ನು ನೋಡಿದ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಡಚಿಟ್ಟ. ಮುಖದಲ್ಲಿ ನಗು ತಡೆದುಕೊಳ್ಳುವುದು ಅಣ್ಣನಿಗೆ ಬಹಳ ಕಷ್ಟವಾಯಿತು. "ನಾಲ್ಕು ಗಂಟೆಗೆ ಇಟ್ಕೊಳ್ಳೋಣ" ಅಂದ. "ಆಗ ಕಿಟಕಿಯಿಂದ ಬೆಳಕು ಚೆನ್ನಾಗಿರುತ್ತೆ. ಮಧ್ಯಾಹ್ನ ಏನೂ ಭಾರವಾಗಿ ತಿನ್ನಬೇಡ." "ಯಾರು, ನಾನಾ?" "ಮತ್ತೆ ಕಂಪ್ಯೂಟರಾ?"

ನಾಲ್ಕಕ್ಕೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕಂಕುಳಲ್ಲಿ ಸಲಕರಣೆಗಳ ಪೆಟ್ಟಿಗೆ, ಹಿಂದೆ ಅತ್ತಿಗೆ. ಹೆಂಡತಿ ಮೇಜಿನ ಮೇಲೆ ಒಗೆದ ಬಿಳಿ ಬೆಡ್ ಶೀಟು ಹಾಸಿದ್ದಳು; ಯಾಕೆ ಹಾಸಿದೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅಣ್ಣ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು, ಅತ್ತಿಗೆ ಹಿಡಿದ ಟವೆಲಿಗೆ ಕೈ ಒರೆಸಿ, "ಆರಿಸು" ಅಂದ. ಅವನು ಪ್ರೋಗ್ರಾಮನ್ನು ಮುಚ್ಚಿದ, ಕಂಪ್ಯೂಟರನ್ನು ಆರಿಸಿದ. ಹನ್ನೊಂದು ದಿನ ಕಿವಿಯಲ್ಲಿ ತುಂಬಿಕೊಂಡಿದ್ದ ಗುಂಯ್ ಎಂಬ ಸದ್ದು ನಿಂತಿತು. ನಾಲ್ವರೂ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ತಂತಿಗಳನ್ನು ಬಿಚ್ಚಿ, ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿ, ಬೋರ್ಡನ್ನು ಎತ್ತಿ ಬೆಡ್ ಶೀಟಿನ ಮೇಲಿಟ್ಟರು. ಮೇಲಿನ ಮನೆಯವರು ಬಾಗಿಲಲ್ಲಿ ತಲೆ ಹಾಕಿ, "ಶುರುವಾಯ್ತಾ?" ಎಂದು ಪಿಸುಮಾತಲ್ಲಿ ಕೇಳಿ ಹೋದರು.

ಬೆಸುಗೆಯ ಕಡ್ಡಿ ಕಾದು ಹೊಗೆಯಾಡಿತು. ಅಣ್ಣ ಅದನ್ನು ಬಲಗೈಗೆ ತೆಗೆದುಕೊಂಡ. "ಹೊಸದನ್ನ ಕೂರಿಸೋ ಮುಂಚೆ ಗುರುತು ನೋಡ್ಬೇಕು. ಬಿಳಿ ಕಡೆ ಯಾವ್ದು, ನೋಡಿ ಹೇಳು." ಅವನು ಮೂಗು ಬೋರ್ಡಿಗೆ ತಾಗುವಷ್ಟು ಬಗ್ಗಿ, ಒಂದೊಂದು ವೃತ್ತದ ಸುತ್ತಲೂ ಹುಡುಕಿದ. ಏಳು ಸಲ ನೋಡಿ ಎಂಟನೆಯ ಸಲವೂ ನೋಡಿದ. ಬಿಳಿ ಕಡೆ ಮೈನಸ್ಸೇ ಇತ್ತು. ಈಗ ಹೇಳಬಹುದಲ್ಲ, ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುತ್ತದೆಯೇ, ಹೆಂಡತಿ ಇದ್ದಾಳೆ, ಅತ್ತಿಗೆ ಇದ್ದಾಳೆ, ಎಲ್ಲರೂ ಕೇಳಲಿ. "ಅಣ್ಣಾ, ಆವತ್ತು..." ಎಂದು ತಲೆ ಎತ್ತಿದ. "ಆವತ್ತಿನ ಪುರಾಣ ಆಮೇಲೆ. ಕಡ್ಡಿ ಕಾದಿದೆ. ಪ್ಲಸ್ಸಾ ಮೈನಸ್ಸಾ?" "ಮೈನಸ್ಸು." "ಸರಿಯಾಗಿ ನೋಡಿದ್ಯಾ?" "ನೋಡಿದೆ." "ನೀನು ನೋಡಿದ್ಮೇಲೆ ಮುಗೀತು, ನಿನ್ನ ಕಣ್ಣು ತಪ್ಪಲ್ಲ ಬಿಡು" ಎಂದ ಅಣ್ಣ. ಆ ಮಾತಿಗೆ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

ಕಡ್ಡಿಯ ತುದಿ ಮೊದಲನೆಯವನ ಬುಡದತ್ತ ಇಳಿಯಿತು. ಇಳಿಯುತ್ತ ಇಳಿಯುತ್ತ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕಿತು. ಅಣ್ಣ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದ, ಆಗ ಎರಡೂ ಕೈ ನಡುಗಿದವು. ಉಸಿರು ಬಿಗಿಹಿಡಿದ. ಹಣೆಯ ಬೆವರನ್ನು ಅತ್ತಿಗೆ ಸೆರಗಿನಿಂದ ಒರೆಸಿದಳು. ಚುಂಯ್ ಎಂದು ಸದ್ದಾಯಿತು. ಹೊಗೆ ಎದ್ದದ್ದು ಕೆಪಾಸಿಟರಿನ ಬುಡದಿಂದಲ್ಲ, ಅದರಿಂದ ಒಂದು ಬೆರಳಗಲ ಆಚೆ, ಕೂದಲೆಳೆಯಂಥ ದಾರಿಗಳು ಒತ್ತೊತ್ತಾಗಿ ಹರಿದುಹೋಗುವ ಜಾಗದಿಂದ. ಅವನು ಅಣ್ಣನ ಮುಖ ನೋಡಿದ. ಮಗ್ಗಿ ತಪ್ಪಿದಾಗ ತನ್ನ ಮುಖ ಹೀಗೇ ಆಗುತ್ತಿದ್ದಿರಬೇಕು ಅನ್ನಿಸಿ ಅವನಿಗೆ ಅಳು ಬಂದುಬಿಟ್ಟಿತು. ಅಣ್ಣ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ, ಮೂರನೆಯ ಪ್ರಯತ್ನಕ್ಕೆ ಅದು ಸಿಕ್ಕಿಕೊಂಡಿತು. ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ಬೋರ್ಡಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ.

"ಅಲ್ಲಾ ಕಣೋ" ಎಂದ ಕೊನೆಗೆ, ಆಶ್ಚರ್ಯದ ದನಿಯಲ್ಲಿ. "ಇವು ಚೆನ್ನಾಗೇ ಇವೆಯಲ್ಲೋ." ಇನ್ನೂ ಹತ್ತಿರಕ್ಕೆ ಬಗ್ಗಿದ. "ಹೊರಗೆ ತೆಗೆದು ಬೆಳಕಲ್ಲಿ ನೋಡಿದ್ಮೇಲೆ ಗೊತ್ತಾಗ್ತಿದೆ. ಒಳಗೆ ಕತ್ತಲಲ್ಲಿ ನೋಡಿ ಊದಿದೆ ಅನ್ಕೊಂಡ್ವಿ. ನೋಡು, ನೆತ್ತಿ ಎಷ್ಟು ಚಪ್ಪಟೆ ಇದೆ. ಇವನ್ನ ಕಿತ್ತು ಆ ಅಂಗಡಿ ಮಾಲು ಹಾಕೋದು ಶುದ್ಧ ಪಾಪ. ಇನ್ನೂ ಹತ್ತು ವರ್ಷ ಬರ್ತವೆ. ಏನಂತೀಯ?" ಏಳೂ ಕೆಪಾಸಿಟರುಗಳು ಬಿಳಿ ಬೆಡ್ ಶೀಟಿನ ಮೇಲೆ, ನಾಲ್ಕು ಗಂಟೆಯ ಬಿಸಿಲಲ್ಲಿ, ಗುಮ್ಮಟಗಳ ಹಾಗೆ ಊದಿ ನಿಂತಿದ್ದವು. ಎರಡರ ನೆತ್ತಿ ಒಡೆದು ಕಂದು ಬಣ್ಣದ ರಸ ಹೆಪ್ಪುಗಟ್ಟಿತ್ತು. ಅತ್ತಿಗೆ ಮೊದಲು ಬಾಯಿ ಬಿಟ್ಟಳು. "ಹೌದಲ್ವಾ! ಚಪ್ಪಟೆಯಾಗೇ ಇದೆ." "ನಂಗಂತೂ ಮೊದಲಿನಿಂದ್ಲೂ ಅನುಮಾನ ಭಾವ" ಎಂದಳು ಹೆಂಡತಿ, "ಇವರೇ ಸುಮ್ನೆ ಗಾಬರಿ ಬೀಳ್ತಾರೆ. ಎಲ್ಲಿ ಊದಿದೆ? ಹೊಸದರ ಹಾಗಿದೆ." ಮೂವರೂ ಅವನ ಕಡೆ ತಿರುಗಿದರು. ಎರಡೂವರೆ ವರ್ಷದ ಸೇತುವೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪೊಟ್ಟಣ ಎತ್ತಿಕೊಂಡು ಮಾರುಕಟ್ಟೆಗೆ ಓಡಲು ಇನ್ನೂ ಹೊತ್ತಿತ್ತು, ಆ ಸುಟ್ಟ ಜಾಗವನ್ನೂ ಭೂತಗನ್ನಡಿ ಸರಿಮಾಡಬಹುದಿತ್ತು. ಅಣ್ಣ ಅವನನ್ನು ನೋಡುತ್ತಿರಲಿಲ್ಲ, ಬೋರ್ಡನ್ನೇ ನೋಡುತ್ತಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. "ಹೌದಣ್ಣಾ" ಎಂದ ಅವನು. "ಏನೂ ಆಗಿಲ್ಲ. ಬದಲಾಯಿಸೋದು ಬೇಡ." ಅಣ್ಣ ಉಸಿರು ಬಿಟ್ಟದ್ದು ಮೂವರಿಗೂ ಕೇಳಿಸಿತು.

ಬೋರ್ಡನ್ನು ಮತ್ತೆ ಜೋಡಿಸುವುದು ಅಣ್ಣನದೇ ಕೆಲಸವಾಯಿತು, ಬಿಡಲಿಲ್ಲ. ಒಂಬತ್ತು ಸ್ಕ್ರೂ ತಿರುಗಿಸಲು ಒಂದು ಗಂಟೆ ಹಿಡಿಯಿತು. ಬಿದ್ದ ಸ್ಕ್ರೂಗಳನ್ನು ಹೆಂಡತಿ ಮ್ಯಾಟಿನ ಮೇಲಿಂದ ಹೆಕ್ಕಿ ಹೆಕ್ಕಿ, "ಇಗೊಳ್ಳಿ ಭಾವ" ಎಂದು ಕೊಡುತ್ತಿದ್ದಳು. ಕೊನೆಗೆ ಅಣ್ಣ ಬದಿಯ ತಗಡನ್ನೂ ಮುಚ್ಚಿ, "ಇನ್ನು ಇದನ್ನ ತೆಗೆದಿಡೋ ಅಗತ್ಯ ಇಲ್ಲ" ಎಂದು ಹೇಳಿ, ಫ್ಯಾನನ್ನು ತಾನೇ ಎತ್ತಿಕೊಂಡು ಹೋಗಿ ಹಜಾರದಲ್ಲಿಟ್ಟು, ಅದರ ಮುಂದೆ ಕಾಲು ಚಾಚಿ ಕೂತ. ಹೆಂಗಸರಿಬ್ಬರೂ ಅವನ ಹಿಂದೆಯೇ ಹೋದರು. ತಮ್ಮ ಒಬ್ಬನೇ ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿದ. ಒಳಗೆ ಸಣ್ಣ ಫ್ಯಾನು ತಿರುಗಿತು. ಹಸಿರು ದೀಪ ಹತ್ತಿತು. ಪರದೆ ಕಪ್ಪಗೇ ಇತ್ತು. ಆರಿಸಿ ಮತ್ತೆ ಒತ್ತಿದ, ಕಪ್ಪಗೇ ಇತ್ತು. ಮೂರನೆಯ ಸಲಕ್ಕೆ ಸುಟ್ಟ ವಾಸನೆ ಸಣ್ಣಗೆ ಬಂದು ಹೋಯಿತು.

"ಬಂತೇನೋ?" ಎಂದು ಹಜಾರದಿಂದ ಅಣ್ಣ ಕೂಗಿದ. "ಬಂತಣ್ಣಾ." "ಮತ್ತೆ ಸದ್ದೇ ಇಲ್ಲ? ಕೆಲಸ ಶುರುಮಾಡು. ಎರಡು ಸಾಲು ಕೇಳಿಸ್ಕೊಂಡು ನಾನು ಕೆಳಗೆ ಹೋಗ್ತೀನಿ." ಅವನು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ. ಬಾಯಿಗೆ ಬಂದದ್ದನ್ನು ಮಾತಾಡುವ ಹಾಗೆ ಬೆರಳಿಗೆ ಬಂದದ್ದನ್ನು ಒತ್ತಲು ಶುರುಮಾಡಿದ. ಆದರೆ ಸದ್ದಿನಲ್ಲೇ ರೋಗ ಹಿಡಿಯುವ ಕಿವಿ ಅಣ್ಣನದು. ಸುಳ್ಳು ಹೊಡೆತವಾದರೆ ತಿಳಿದುಬಿಡುತ್ತದೆ ಎಂದು ಹೆದರಿ, ನಿಜವಾದ ಮಾತುಗಳನ್ನೇ ಹೊಡೆದ: ತೂಗುಸೇತುವೆ, ಪುಟ ನಾನ್ನೂರ ಹನ್ನೆರಡು. ತೇಲುಸೇತುವೆ, ಪುಟ ಮುನ್ನೂರ ತೊಂಬತ್ತು. ಹೆಂಡತಿ ಟೀ ತಂದು ಪಕ್ಕದಲ್ಲಿಟ್ಟಳು. ಕಪ್ಪು ಪರದೆಯನ್ನು ನೋಡಿದಳು, ಅದರ ಎದುರು ಓಡುತ್ತಿದ್ದ ಅವನ ಬೆರಳುಗಳನ್ನು ನೋಡಿದಳು. ಒಂದು ಗಳಿಗೆ ಅವನ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ಹಜಾರಕ್ಕೆ ಕೇಳುವ ಹಾಗೆ ಗಟ್ಟಿಯಾಗಿ, "ಅಬ್ಬಾ, ಎಷ್ಟು ಬೇಗ ಕೆಲಸ ಹಿಡಿದುಬಿಟ್ರಿ!" ಎಂದು ಬಾಗಿಲು ಎಳೆದುಕೊಂಡು ಹೋದಳು.

ಅವನು ನಿಲ್ಲಿಸಲಿಲ್ಲ. ಸೇತುವೆಗಳು ಮುಗಿದವು, ಅಥವಾ ಅವುಗಳ ಮೇಲಿನ ಮನಸ್ಸು ಮುಗಿಯಿತು, ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಓಡಿದವು. ಅಣ್ಣಾ, ಎಂದು ಹೊಡೆದ. ಆವತ್ತು ಸ್ಟುಡಿಯೋದವನ ಬೋರ್ಡಿನಲ್ಲಿ ಬಿಳಿ ಕಡೆ ಪ್ಲಸ್ಸು ಇತ್ತು. ಪಕ್ಕದಲ್ಲಿ ಗುರುತೂ ಇತ್ತು. ನಾನು ನೋಡಲಿಲ್ಲ. ನಿನ್ನ ಕೈ ಏನೂ ತಪ್ಪು ಮಾಡಲಿಲ್ಲ, ನಿನ್ನ ಕೈಗೆ ಏನೂ ಆಗಿರಲಿಲ್ಲ. ಹಜಾರದಲ್ಲಿ ಅಣ್ಣ ಅತ್ತಿಗೆಗೆ ಹೇಳುತ್ತಿದ್ದುದು ಕೇಳಿಸಿತು, "ಕೇಳಿಸ್ಕೋ, ಹೇಗೆ ಓಡ್ತಿದೆ! ಬೇರೆಯವನಾಗಿದ್ರೆ ಏಳನ್ನೂ ಕಿತ್ತುಹಾಕಿ ಹಾಳುಮಾಡಿರೋನು. ಎಲ್ಲಿ ಕೈ ಹಾಕಬಾರದು ಅಂತ ಗೊತ್ತಿರಬೇಕು." ಚಪ್ಪಲಿ ಮೆಟ್ಟುವ ಸದ್ದಾಯಿತು. ಅವನು ಇನ್ನೂ ಬೇಗ ಬೇಗ ಹೊಡೆದ, ಅಣ್ಣ ಮೆಟ್ಟಿಲಿಳಿಯುವುದರೊಳಗೆ ಮುಗಿಸಬೇಕಿತ್ತು: ಮೈನಸ್ಸು ಅಂತ ಹೇಳಿದ್ದು ನಾನು. ಕೊನೆಯ ಪದದಲ್ಲಿ ಬೆರಳು ಜಾರಿ ಪಕ್ಕದ ಕೀಲಿಗೆ ಬಿತ್ತು ಅನ್ನಿಸಿತು. ಕಪ್ಪು ಪರದೆಯನ್ನು ನೋಡುತ್ತಲೇ ಹಿಂದಕ್ಕೆ ಹೋಗಿ, ಅದೊಂದು ಪದವನ್ನು ಅಳಿಸಿ, ಮತ್ತೆ ಸರಿಯಾಗಿ ಹೊಡೆದ.